ಕಾಳ್ಯಾನ ಬೆಲ್ಟ್

ಕಮರಿಪೇಟೆಯ ಹನಮೇಶನ ಮನೆಯಲ್ಲಿ ನಡೆದದ್ದು ಇದು. ಮುದಿಯಾಗಿ ಮನೆಯೊಳಗೆಲ್ಲ ಉಚ್ಚೆ ಹೊಯ್ಯುತ್ತಿದ್ದ ನಾಯಿ ಕಾಳ್ಯಾನನ್ನು ಅವನು ಸ್ಕೂಟರಿನಲ್ಲಿ ಒಯ್ದು ಬೇಲೂರು ಕೈಗಾರಿಕಾ ಪ್ರದೇಶದ ಆಚೆ ಬಿಟ್ಟು ಬಂದ. ಸಾಕಿದ ನಾಯಿಯೆಂದು ಯಾರೂ ಗುರುತಿಸಬಾರದೆಂದು ಕೊರಳ ಬೆಲ್ಟ್ ಬಿಚ್ಚುವಾಗ ಅದು ಅವನ ಕೈ ನೆಕ್ಕಿತ್ತು. ಗೇಟು ತೆರೆದಿತ್ತು, ಓಡಿಹೋಯಿತು ಎಂದು ಮನೆಯಲ್ಲಿ ಹೇಳಿದ. ಹೆಂಡತಿ ಕಾವೇರಿ ಅಳುತ್ತ ಓಣಿ ಓಣಿ ಹುಡುಕಿದಳು.

ಭಾನುವಾರ ಬೆಳಗ್ಗೆ ಅವಳು ಹಾಲಿನ ಬಟ್ಟಲು ತಂದು ಅವನ ಕುರ್ಚಿಯ ಪಕ್ಕ ಇಟ್ಟಳು.

"ಕಾಳ್ಯಾ ಬಂದೈತ್ರಿ. ನಿಮ್ಮ ಕಾಲಾಗ ಹೆಂಗ ಮಲಗೈತಿ ನೋಡ್ರಿ."

ಹನಮೇಶ ಬಗ್ಗಿ ನೋಡಿದರೆ ಬರಿ ನೆಲ. ಆದರೆ ಬಟ್ಟಲಿನ ಹಾಲು ಇಳಿಯುತ್ತಿತ್ತು, ಪಾದದ ಮೇಲೆ ಬೆಚ್ಚನೆಯ ಉಸಿರು ಬೀಳುತ್ತಿತ್ತು.

"ಭಾಳ ಸೊರಗೈತಿ ನನ ಕೂಸು," ಎನ್ನುತ್ತ ಅವನ ಅವ್ವ ರುಕ್ಮವ್ವ ಗಾಳಿಯಲ್ಲೇ ಕೈಯಾಡಿಸಿದಳು.

ತನಗೆ ಕಾಣುತ್ತಿಲ್ಲ ಎಂದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಹನಮೇಶ ತಲೆ ತಗ್ಗಿಸಿ ತಾನೂ ಬರಿಗಾಳಿಯನ್ನು ಸವರಿದ. ಅಂಗೈ ಒದ್ದೆಯಾಯಿತು.

"ಕೊಳ್ಳಾಗಿನ ಬೆಲ್ಟ್ ಸುದ್ದಾ ಹಂಗ ಐತಿ ನೋಡ್ರಿ," ಎಂದಳು ಕಾವೇರಿ.

ಬೆಲ್ಟ್ ಇದ್ದದ್ದು ಸ್ಕೂಟರಿನ ಡಿಕ್ಕಿಯಲ್ಲಿ. ಅದರ ಕೀಲಿಕೈ ಅವನ ಕಿಸೆಯಲ್ಲೇ ಇತ್ತು.

ಆ ಮನೆಯಲ್ಲಿ ಹಾಲಿನ ಬಟ್ಟಲು ಈಗಲೂ ದಿನಾ ಖಾಲಿಯಾಗುತ್ತದೆ. ಡಿಕ್ಕಿಯನ್ನು ಮಾತ್ರ ಹನಮೇಶ ಇಂದಿಗೂ ತೆರೆದು ನೋಡಿಲ್ಲ.