ವಿಂಚ್ ಸಾಹೇಬನ ಭಾಷಣ

ನಥಾನಿಯಲ್ ವಿಂಚ್ ಹದಿನೆಂಟನೆಯ ಶತಮಾನದ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹತ್ತೊಂಬತ್ತು ವರ್ಷ ಕೂತು, ಒಮ್ಮೆಯೂ ಬಾಯಿ ತೆರೆಯದೆ ತೀರಿಕೊಂಡಿದ್ದ. ಅಂಥವನ ಮೇಲೆ ಪಿಎಚ್‌.ಡಿ. ಮಾಡುತ್ತ ಸರಸ್ವತಿಪುರಂನ ಇತಿಹಾಸದ ಮೇಷ್ಟ್ರು ಷಡಕ್ಷರಿ ಹನ್ನೊಂದು ವರ್ಷ ಸವೆಸಿದ್ದರು. 1997ರ ಬೇಸಿಗೆಯಲ್ಲಿ ಗೈಡ್ ರಮಾಮಣಿ ಪ್ರಬಂಧವನ್ನು ಮೂರನೆಯ ಸಲ ವಾಪಸು ಕೊಟ್ಟರು.

"ಏನೂ ಮಾಡ್ದೇ ಇರೋನ ಬಗ್ಗೆ ಏನೂಂತ ಬರೀತೀರಿ ಷಡಕ್ಷರಿ? ಒಂದಾದ್ರೂ ಹೊಸ ದಾಖಲೆ ತನ್ನಿ. ಇಲ್ದಿದ್ರೆ ಬಿಟ್ಬುಡಿ."

ಅದೇ ವಾರ ಷಡಕ್ಷರಿಯವರ ಹಳೆಯ ಶಿಷ್ಯ ಮಹದೇವಪ್ರಸಾದ್ ಡಾಕ್ಟರೇಟ್ ಹೊತ್ತು ಅವರದೇ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಷಡಕ್ಷರಿ ಅವನ ಕೈಕುಲುಕಿ, ಅವನು ಕೊಟ್ಟ ಪೇಡ ತಿಂದು, ಮನೆಗೆ ಬಂದು ತೀರ್ಮಾನಿಸಿದರು: ವಿಂಚ್ ಮಾತಾಡಲೇಬೇಕು.

ಅವಸರ ಮಾಡುವವರು ಸಿಕ್ಕಿಬೀಳುತ್ತಾರೆ. ಅವರು ಅವಸರ ಮಾಡಲಿಲ್ಲ. ಇಲವಾಲದ ಹಳೇ ಬಂಗಲೆಯ ಹರಾಜಿನಲ್ಲಿ ಆ ಕಾಲದ ಬೈಬಲ್ ಒಂದನ್ನು ಕೊಂಡು, ಕೊನೆಯ ಖಾಲಿ ಹಾಳೆ ಕತ್ತರಿಸಿಕೊಂಡರು. ಶಾಯಿಗೆ ಅಳಲೆಕಾಯಿ ಕುದಿಸಿ ಅನ್ನಭೇದಿ ಬೆರೆಸಿದರು.

"ಕಷಾಯ ಯಾಕ್ರೀ? ಹೊಟ್ಟೆ ಕೆಟ್ಟಿದ್ಯಾ?" ಎಂದರು ಹೆಂಡತಿ ಸರ್ವಮಂಗಳಾ.

"ಹೂಂ ಕಣೇ" ಎಂದ ತಪ್ಪಿಗೆ ಮೂರು ದಿನ ಬರೀ ಗಂಜಿ ಕುಡಿದರು.

ವಿಂಚ್‌ನ ಉಯಿಲಿನ ಜೆರಾಕ್ಸ್ ಮುಂದಿಟ್ಟುಕೊಂಡು ಎರಡು ತಿಂಗಳು ಅವನ ಅಕ್ಷರ ತಿದ್ದಿದರು. ಬಾತುಕೋಳಿಯ ಗರಿಯಲ್ಲಿ ಬರೆದ ಪತ್ರದಲ್ಲಿ ವಿಂಚ್ ತನ್ನ ತಂಗಿಗೆ ತಿಳಿಸಿದ್ದ: ಬಡವರ ರೊಟ್ಟಿಯ ಮೇಲಿನ ಸುಂಕದ ವಿರುದ್ಧ ಎದ್ದು ನಿಂತು ಗುಡುಗಿದೆ, ಸಭೆ ಬೆದರಿ ಅದನ್ನು ಕಡತದಿಂದಲೇ ತೆಗೆಸಿತು. ಭಾಷಣ ಎಲ್ಲೂ ದಾಖಲಾಗಿಲ್ಲವೇಕೆಂಬ ಪ್ರಶ್ನೆಗೂ ಅಲ್ಲಿಗೆ ಉತ್ತರವಾಯಿತು. ಕಂಪನಿ ಸೇನೆಯಲ್ಲಿದ್ದ ಆ ತಂಗಿಯ ಮೊಮ್ಮಗನೊಬ್ಬ ಪತ್ರವನ್ನು ಮೈಸೂರಿಗೆ ತಂದ ಎಂಬ ಕಥೆಯನ್ನೂ ಷಡಕ್ಷರಿ ಕಟ್ಟಿಕೊಂಡರು. ಎರಡು ಕಾಗುಣಿತದ ತಪ್ಪು, ಒಂದು ಹುಳು ತಿಂದ ತೂತು. ಬರೆದು ಮುಗಿಸಿ ಓದಿದಾಗ ಷಡಕ್ಷರಿಗೆ ಕಣ್ಣು ತುಂಬಿ ಬಂತು. ಎಂಥ ಮನುಷ್ಯ!

ರಮಾಮಣಿ ದಂಗಾದರು. ಪತ್ರಿಕೆಯವರು ಫೋಟೋ ತೆಗೆದರು. ಮಹದೇವಪ್ರಸಾದ್ ಎದ್ದು ನಿಂತು "ಸಾರ್" ಎಂದ.

ಕೊನೆಯ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪ್ರೊಫೆಸರ್ ಕೃಷ್ಣಸ್ವಾಮಿ ಬಂದರು. ಭೂತಗನ್ನಡಿ ಹಿಡಿದು ಕಾಗದ ಮೆಚ್ಚಿದರು, ಶಾಯಿ ಮೆಚ್ಚಿದರು, ಕೈಬರಹಕ್ಕೆ ತಲೆದೂಗಿದರು. ಆಮೇಲೆ ತಾರೀಕಿನ ಮೇಲೆ ಬೆರಳಿಟ್ಟರು: 1752, ಸೆಪ್ಟೆಂಬರ್ 8. ಷಡಕ್ಷರಿ ಸಣ್ಣದೊಂದು ಖುಷಿಗೆ ತಮ್ಮ ಹುಟ್ಟಿದ ದಿನವನ್ನೇ ಹಾಕಿದ್ದರು. "ಆ ವರ್ಷ ಕ್ಯಾಲೆಂಡರ್ ತಿದ್ದೋಕೆ ಹನ್ನೊಂದು ದಿನ ಕಿತ್ತಾಕಿದ್ರು ಕಣ್ರೀ" ಎಂದರು ಕೃಷ್ಣಸ್ವಾಮಿ, ಬಹಳ ಮೆತ್ತಗೆ. "ನಿಮ್ಮ ವಿಂಚ್ ಕೂತಿದ್ದ ಪಾರ್ಲಿಮೆಂಟೇ ಆ ಕಾನೂನು ಮಾಡಿದ್ದು. ಸೆಪ್ಟೆಂಬರ್ ಎರಡು ಮುಗೀತು, ಮಾರನೇ ದಿನ ಹದಿನಾಲ್ಕು. ಎಂಟನೇ ತಾರೀಕು ಆ ವರ್ಷ ಇಂಗ್ಲೆಂಡಿಗೆ ಬರಲೇ ಇಲ್ಲ."