ಮೊದಲು ನನ್ನನ್ನು ದಾಟಿ ಬರಲಿ

"ಹಲೋ... ಯಾರ್ರಿ?"

ಆ ಕಡೆಯಿಂದ ಮಾತಿಲ್ಲ. ಬರೀ ಉಸಿರು. ಯಾರೋ ಏನೋ ಹೇಳಲು ಹೋಗಿ, ಹೇಳದೆ, ಅಲ್ಲಿಯೇ ಕಾಯುತ್ತಾ ನಿಂತಂಥ ಉಸಿರು.

"ಯಾರ್ರಿ ಅಂತ ಕೇಳಾಕತ್ತೇನಿ... ಮಾತಾಡ್ರಿ."

ಮತ್ತೆ ಅದೇ ಉಸಿರು. ಶಾಂಭವಿ ಫೋನ್ ಕಟ್ ಮಾಡಿದಳು. ಕಡಗಂಚಿಯ ಕ್ಯಾಂಪಸ್ಸಿನಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಗ್ರಂಥಾಲಯದ ಮೆಟ್ಟಿಲ ಮೇಲೆ ಅವಳು ಒಬ್ಬಳೇ ಕೂತಿದ್ದಳು.

ಬೆಳಿಗ್ಗೆಯಿಂದ ಇದೇ ಆಗಿದೆ... ಯಾರಿವರು? ನನ್ನಿಂದ ಏನು ಬೇಕು ಇವರಿಗೆ?

ಅವಳು ಆ ನಂಬರನ್ನು ಬ್ಲಾಕ್ ಮಾಡಿದಳು. ನಂಬರು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತನ್ನ ನಂಬರು ಅವರ ಕೈಗೆ ಹೇಗೆ ಸಿಕ್ಕಿತು ಎಂಬುದು ಗೊತ್ತಿತ್ತು. ಅಂಜಿಕೆಯ ಜೊತೆಗೆ ಅಳುವೂ ಬರುತ್ತಿದ್ದದ್ದು ಅದಕ್ಕೇ.

ಶಾಂಭವಿಯ ಅಂಜಿಕೆ ಹೊಸದೇನಲ್ಲ ಬಿಡಿ. ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುವ ದೌಲತರಾಯರ ಮಗಳು ಅವಳು. ದೌಲತರಾಯರು ಒಮ್ಮೆ ಕೆಮ್ಮಿದರೆ ಮನೆಯಲ್ಲಿ ಟಿವಿ ಬಂದ್ ಆಗುತ್ತಿತ್ತು. ಅಪ್ಪನ ಮುಂದೆ ಅವಳು "ಹೌದ್ರಿ", "ಆಯ್ತ್ರಿ" ಬಿಟ್ಟು ಮೂರನೆಯ ಮಾತು ಆಡಿದವಳಲ್ಲ.

ಇಂಥ ಪುಕ್ಕಲು ಹುಡುಗಿ ಫೋನಿನೊಳಗೆ ಮಹಾರಾಣಿಯಾಗಿದ್ದಳು ಅಂದರೆ ನಂಬುತ್ತೀರಾ?

'ಏಳು ಸಂಸ್ಥಾನ' ಎಂಬುದೊಂದು ಆಟ. ಅದರಲ್ಲಿ ಕೋಟೆ ಕಟ್ಟಬೇಕು, ಸೈನ್ಯ ಸಾಕಬೇಕು, ಒಪ್ಪಂದ ಮಾಡಿಕೊಳ್ಳಬೇಕು. ಶಾಂಭವಿಯ ಹಿರೇಕೋಟೆಯ ಹೆಸರು ಕೇಳಿದರೆ ಅಲ್ಲಿ ದೊಡ್ಡ ದೊಡ್ಡವರೂ ಹಾದಿ ಬದಲಿಸುತ್ತಿದ್ದರು. ಆ ಹಿರೇಕೋಟೆಯ ಬಗಲಲ್ಲಿ ಜೋಳದೂರು ಎಂಬ ಸಣ್ಣ ಸಂಸ್ಥಾನವಿತ್ತು. ಒಂದು ಗೋಡೆ, ನಾಲ್ಕು ಹೊಲ, ಕೈಬೆರಳಲ್ಲಿ ಎಣಿಸುವಷ್ಟು ಸೈನಿಕರು. ಸುತ್ತಲಿನವರೆಲ್ಲ ಅದನ್ನು ನುಂಗಲು ಬಾಯಿ ತೆರೆದು ಕೂತಿದ್ದಾಗ ಅಲ್ಲಿಂದ ಅವಳಿಗೊಂದು ಸಂದೇಶ ಬಂತು.

"ರಾಣಿಯವರೆ, ಕಪ್ಪ ಕೊಡಾಕ ನನ್ನ ಹತ್ರ ಬಂಗಾರ ಇಲ್ಲ. ಜೋಳ ಅದ. ಕಳಿಸ್ಲೇನ್ರಿ?"

ಶಾಂಭವಿ ಒಬ್ಬಳೇ ಕೂತು ನಕ್ಕಳು. ನಕ್ಕವಳು ಅಂದೇ ರಕ್ಷಣೆಯ ಒಪ್ಪಂದಕ್ಕೆ ಮುದ್ರೆ ಒತ್ತಿ, ಎಲ್ಲ ಸಂಸ್ಥಾನಗಳಿಗೂ ಕಾಣುವ ಹಾಗೆ ಬರೆದಳು: 'ಜೋಳದೂರಿನ ಮೇಲೆ ಯಾರೇ ಬರಲಿ, ಮೊದಲು ನನ್ನನ್ನು ದಾಟಿ ಬರಲಿ.'

ಆಮೇಲೆ ಇಬ್ಬರೂ ದಿನಾ ಬರೆದುಕೊಳ್ಳತೊಡಗಿದರು. ಅವನ ಹೆಸರು ವಿಶ್ವಾರಾಧ್ಯ, ಜೇವರಗಿಯಲ್ಲಿ ನೀರೆತ್ತುವ ಮೋಟಾರು ರಿಪೇರಿ ಮಾಡುವ ಅಂಗಡಿ, ಮನೆಯಲ್ಲಿ ಅವ್ವ ಒಬ್ಬಳೇ ಎಂಬುದೆಲ್ಲ ಗೊತ್ತಾಯಿತು. ಅವಳು ಕಡಗಂಚಿಯಲ್ಲಿ ಎಂ.ಎ. ಓದುವುದು, ಬೆಳಗಿನ ಬಸ್ಸಿಗೆ ಬರುವುದು ಅವನಿಗೂ ಗೊತ್ತಾಯಿತು. ಅವಳ ಮುಖವನ್ನು ಅವನು ಫೋಟೋದಲ್ಲಿ ನೋಡಿದ್ದ, ಅವನ ಮುಖ ಮಾತ್ರ ಅವಳು ನೋಡಿರಲಿಲ್ಲ. ಅವನು ಬರೆದದ್ದನ್ನು ಓದಿದ ದಿನ ಅವಳಿಗೆ ಊಟ ರುಚಿಸುತ್ತಿತ್ತು. ಇದಕ್ಕೆ ಏನೆನ್ನುತ್ತಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಅವಳೇ ಧೈರ್ಯ ಮಾಡಿ ತನ್ನ ನಂಬರು ಕೊಟ್ಟು, ಒಮ್ಮೆ ನಿಮ್ಮ ದನಿ ಕೇಳಬೇಕು ಎಂದು ಬರೆದಳು. ಅವನು ಬಹಳ ಹೊತ್ತು ಏನೂ ಬರೆಯಲಿಲ್ಲ. ಕಡೆಗೆ, "ಮಾಡ್ತೇನಿ. ಖರೇನ ಮಾಡ್ತೇನಿ," ಎಂದಷ್ಟೇ ಬರೆದ.

ಮರುದಿನವೇ ಕರಿಬಾವುಟದವರು ಜೋಳದೂರಿಗೆ ಮುತ್ತಿಗೆ ಹಾಕಿದರು. ಆ ಆಟದಲ್ಲೇ ಎಲ್ಲರಿಗಿಂತ ದೊಡ್ಡ ಪಡೆ ಅವರದು. ಶಾಂಭವಿ ಹಿಂದೆ ಮುಂದೆ ನೋಡಲಿಲ್ಲ. ತನ್ನ ಕೋಟೆಗೆ ಕಾವಲು ಕೂಡ ಉಳಿಸಿಕೊಳ್ಳದೆ ಇದ್ದಬದ್ದ ಸೈನ್ಯವನ್ನೆಲ್ಲ ಕಳಿಸಿದಳು.

ಸೈನ್ಯ ಅರ್ಧ ಹಾದಿಯಲ್ಲಿತ್ತು. ಜೋಳದೂರಿನ ಗೋಡೆಯ ಮೇಲೆ ಕರಿಬಾವುಟ ಹಾರಿತು.

ಸೋತದ್ದಲ್ಲ... ಶರಣಾದದ್ದು! ಅವನೇ ಬಾಗಿಲು ತೆರೆದುಕೊಟ್ಟಿದ್ದ. ಆಟದ ನಿಯಮದಂತೆ ಶರಣಾದವರ ಒಪ್ಪಂದ ಅಲ್ಲಿಗೆ ಮುರಿಯುತ್ತದೆ, ಹಳೆಯ ಗೆಳೆಯರೊಡನೆ ಮಾತಾಡುವ ದಾರಿ ಮುಚ್ಚುತ್ತದೆ. ಅವಳ ಸೈನ್ಯ ತಾನಾಗಿಯೇ ಹಿಂದಿರುಗಿತು. ಅದರ ಬೆನ್ನಿಗೇ ಕರಿಬಾವುಟದವರಿಂದ ಸಂದೇಶ ಬಂತು: "ಇನ್ನ ನಿನ್ನ ಸರದಿ, ರಾಣಿ. ನೀ ಎಲ್ಲಿ ಇರ್ತಿ ಅಂಬೋದು ನಮಗ ಗೊತ್ತದ."

ಮರುದಿನದಿಂದ ಈ ಮಾತಿಲ್ಲದ ಫೋನುಗಳು.

ನಾನು ಅವನಿಗೊಬ್ಬನಿಗೇ ಕೊಟ್ಟ ನಂಬರು... ಅದನ್ನೂ ಅವರಿಗೆ ಕೊಟ್ಟುಬಿಟ್ಟನಾ?

ಗೆಳತಿ ಫರಹೀನಳ ಮುಂದೆ ಅವಳು ಎಲ್ಲ ಹೇಳಿಕೊಂಡು ಅತ್ತಳು. ಎರಡು ದಿನ ಬಿಟ್ಟು ಬೇರೆ ನಂಬರಿನಿಂದ ಫೋನ್ ಬಂತು. ಅದೇ ಉಸಿರು. ಶಾಂಭವಿ ಆ ನಂಬರನ್ನೂ ಬ್ಲಾಕ್ ಮಾಡಿದಳು. ಅವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದನ್ನು ಬಿಟ್ಟಳು. ಹಿಂದೆ ಯಾರಾದರೂ ಚಪ್ಪಲಿ ಎಳೆದುಕೊಂಡು ನಡೆದರೆ ಸಾಕು, ನಿಂತುಬಿಡುತ್ತಿದ್ದಳು. ಅವಳ ಮುಖ ನೋಡಲಾಗದೆ ಫರಹೀನ ಫೋನಿನ ವಿಷಯವನ್ನಷ್ಟೇ ದೌಲತರಾಯರಿಗೆ ತಿಳಿಸಿದಳು.

"ನಿನ್ನ ಒಳ್ಳೇದಕ್ಕ ಹೇಳೀನಿ ಬೇ. ನನಗೂ ಅಂಜಿಕಿ ಆಗಾಕತ್ತಿತ್ತು," ಎಂದಳು ಆಮೇಲೆ.

ದೌಲತರಾಯರು ಮಗಳನ್ನು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಹೇಳಿದರು. ನಾಳೆ ತಾವೇ ಕಡಗಂಚಿಗೆ ಬರುತ್ತಾರಂತೆ. ಆ ಮನುಷ್ಯ ಸಿಕ್ಕರೆ ಕೈಕಾಲು ಮುರಿಯುತ್ತಾರಂತೆ. ಸಿಗದಿದ್ದರೆ ಓದು ಸಾಕು, ಅಫಜಲಪುರದ ಸುಭದ್ರಾಬಾಯಿ ಅತ್ತೆ ಹೇಳಿದ ಸಂಬಂಧವನ್ನೇ ಗಟ್ಟಿ ಮಾಡುವುದು. ಶಾಂಭವಿ ಎಂದಿನಂತೆ "ಆಯ್ತ್ರಿ" ಎಂದಳು.

ಮರುದಿನ ಬೆಳಿಗ್ಗೆ ಬಸ್ಸಿಳಿದು ಅವಳು ಹತ್ತು ಹೆಜ್ಜೆ ಹಾಕಿರಲಿಲ್ಲ. ಬೇವಿನ ಮರದ ಕೆಳಗಿನಿಂದ ಒಬ್ಬ ಎದ್ದು ನೇರವಾಗಿ ಅವಳೆದುರು ಬಂದು ನಿಂತ. ತೆಳ್ಳಗಿನ ಆಳು. ಅಂಗಿಯ ತೋಳಿಗೆ ಎಣ್ಣೆಯ ಕಲೆ.

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಕೆಂಪಾಯಿತು, ತುಟಿ ಅದುರಿತು. ಉಸಿರು ಮಾತ್ರ ಹೊರಗೆ ಬಂತು.

ಅದೇ ಉಸಿರು!

ಶಾಂಭವಿ ಚೀರಿಬಿಟ್ಟಳು.

ಹಿಂದೆಯೇ ಜೀಪಿನಲ್ಲಿ ಬಂದಿದ್ದ ದೌಲತರಾಯರು ಧುಮುಕಿ ಬಂದು ಅವನ ಕೊರಳಪಟ್ಟಿ ಹಿಡಿದರು. ಅವರ ತೊಗರಿ ಅಂಗಡಿಯ ಆಳು ಜಗದೇವ ಅವನ ಕೈಗಳನ್ನು ಹಿಂದಕ್ಕೆ ತಿರುವಿದ. ಚಹಾದಂಗಡಿಯ ಜನ ಎದ್ದು ಬಂದು ಸುತ್ತ ನಿಂತರು. ಯಾರು ನೀನು, ಯಾವ ಊರು, ಯಾಕೆ ಫೋನ್ ಮಾಡಿದೆ ಎಂದು ದೌಲತರಾಯರು ಅಲುಗಾಡಿಸಿ ಕೇಳಿದರು. ಅವನು ಮತ್ತೆ ಮತ್ತೆ ಬಾಯಿ ತೆರೆದ. ಮೂಗನ ನಾಟಕ ಆಡಾಕತ್ತಾನ ಎಂದು ಗುಂಪಿನಲ್ಲಿ ಯಾರೋ ನಕ್ಕರು.

ಅವನ ಕಿಸೆಯಿಂದ ಫೋನು ಜಾರಿ ಶಾಂಭವಿಯ ಪಾದದ ಹತ್ತಿರ ಬಿತ್ತು. ಪರದೆಯ ಮೇಲೆ ಆಟ ತೆರೆದೇ ಇತ್ತು. ನಾಲ್ಕು ಹೊಲ, ಒಂದು ಗೋಡೆ, ಅದರ ಮೇಲೆ ಕರಿಬಾವುಟ.

ಜೋಳದೂರು...

ಇವನು ವಿಶ್ವಾರಾಧ್ಯ! ನಾನು ಬೆದರಿಕೆ ಅಂದುಕೊಂಡದ್ದು... ಇವನಿಗೆ ಮಾತು ಹೊರಡುವುದಿಲ್ಲ. ಫೋನ್ ಮಾಡ್ತೇನಿ ಅಂದಿದ್ದನಲ್ಲ, ಮಾಡಿದ್ದ.

ಆದರೂ ಅವಳ ಕಾಲು ಏಳಲಿಲ್ಲ. ಶರಣಾದದ್ದು ಇವನೇ ಅಲ್ಲವೆ? ನನ್ನ ಸೈನ್ಯ ಹಾದಿಯಲ್ಲಿದ್ದಾಗ ಬಾಗಿಲು ತೆರೆದವನು ಇವನೇ ಅಲ್ಲವೆ? ಒಪ್ಪಂದ ಮುರಿದು ಹೋಯಿತು. ಈಗ ಸುಮ್ಮನೆ ನಿಂತರೆ ಯಾರೂ ನನ್ನನ್ನು ಕೇಳುವವರಿಲ್ಲ. ಅಪ್ಪನಿಗೆ ಗೊತ್ತಾದರೆ ಇವತ್ತಿಗೇ ಓದು ಮುಗಿಯಿತು, ಮನೆಯೂ ಮುಗಿಯಿತು...

ದೌಲತರಾಯರು ಕೈ ಎತ್ತಿದರು.

ಅವನು ಮಾತು ತಪ್ಪಿದ್ದರೆ ಅದು ಅವನ ಲೆಕ್ಕ. ಕೊಟ್ಟ ಮಾತು ನನ್ನದು.

ಹೇಗೆ ಹೋದಳೋ ಅವಳಿಗೇ ಗೊತ್ತಿಲ್ಲ. ಅಪ್ಪನಿಗೂ ಅವನಿಗೂ ನಡುವೆ ನಿಂತಿದ್ದಳು. ಎತ್ತಿದ ಕೈ ಅವಳ ಹಣೆಯ ಮುಂದೆಯೇ ನಿಂತಿತು.

"ಹೊಡಿಬ್ಯಾಡ್ರಿ, ಅಪ್ಪ."

"ಸರಿ ಆಕಡಿ," ಎಂದರು ದೌಲತರಾಯರು.

"ಸರಿಯಂಗಿಲ್ರಿ." ಅವಳು ಎರಡೂ ಕೈ ಅಡ್ಡ ಚಾಚಿದಳು. "ಇವರು ನನಗ ಗೊತ್ತಿದ್ದವ್ರು. ನಂಬರ್ ನಾನ ಕೊಟ್ಟೀನಿ. ಅವರಿಗೆ ಮಾತು ಲಗೂ ಬರಂಗಿಲ್ಲ, ಅಷ್ಟ ರಿ. ಹೊಡಿಯೋದಿದ್ರ ನನ್ನ ಹೊಡೀರಿ."

ದೌಲತರಾಯರು ಮಗಳ ಮುಖವನ್ನು ಹೊಸಬರ ಮುಖ ನೋಡಿದಂತೆ ನೋಡಿದರು. ಆಮೇಲೆ ಕೈ ಇಳಿಸಿ, ಜಗದೇವನಿಗೆ ಬಿಡು ಎಂದು ಹೇಳಿ, ಚಹಾದಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು.

"ಸುದ್ದಿ ಕೇಳಿದಾಗಿಂದ ನನಗ ಅನ್ನ ಸೇರಿಲ್ಲವ್ವ," ಎಂದರು ಅವರು. "ನಿನಗ ಏನರೆ ಆದೀತು ಅಂತ ಅಂಜಿಕಿ."

ಅಪ್ಪನಿಗೂ ಅಂಜಿಕೆಯಾಗುತ್ತದೆ ಎಂದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ವಿಶ್ವಾರಾಧ್ಯನನ್ನು ಎದುರು ಕೂರಿಸಿ, ಚಹಾ ತರಿಸಿದರು. ನಿನ್ನ ಹೆಸರೇನಪ್ಪ ಎಂದು ಕೇಳಿದರು. ಶಾಂಭವಿ ತಾನೇ ಹೇಳಲು ಬಾಯಿ ತೆರೆದಳು. ಅವನು ಅವಳತ್ತ ನೋಡಿ ಮೆಲ್ಲಗೆ ತಲೆಯಾಡಿಸಿದ. ಬೇಡ.

"ವಿ... ವಿ..." ಚಹಾ ಕೆನೆಗಟ್ಟಿತು. "...ವಿಶ್ವಾರಾಧ್ಯ ರಿ."

ಆಮೇಲೆ ಅವನು ತಡೆದು ತಡೆದು ಎಲ್ಲ ಹೇಳಿದ. ಕರಿಬಾವುಟದವರಿಗೆ ಬೇಕಾಗಿದ್ದದ್ದು ಜೋಳದೂರಲ್ಲ, ಹಿರೇಕೋಟೆ. ಅವಳ ಸೈನ್ಯ ಹೊರಬರಲೆಂದೇ ಮುತ್ತಿಗೆ ಹಾಕಿ, ಅರ್ಧ ಪಡೆಯನ್ನು ಅವಳ ಕೋಟೆಯ ಹತ್ತಿರ ಅಡಗಿಸಿದ್ದರು. ಬರಬೇಡ ಎಂದು ಹೇಳೋಣವೆಂದರೆ ಆಟದಲ್ಲಿ ಮುತ್ತಿಗೆಯೊಳಗಿನಿಂದ ಸಂದೇಶ ಹೋಗುವುದಿಲ್ಲ, ಫೋನಿಗೆ ಬರೆದು ಅವಳು ನೋಡುವ ತನಕ ಕಾಯುವಷ್ಟು ಹೊತ್ತೂ ಇರಲಿಲ್ಲ. ಒಪ್ಪಂದ ಮುರಿದರೆ ಮಾತ್ರ ಅವಳ ಸೈನ್ಯ ಮನೆಗೆ ತಿರುಗುತ್ತದೆ. ಅದಕ್ಕೇ ಬಾಗಿಲು ತೆರೆದ. ಆ ಬೆದರಿಕೆ ಬರೀ ಆಟದ ಜಂಬ, ಅವಳ ನಂಬರನ್ನು ಅವನು ಯಾರಿಗೂ ಕೊಟ್ಟಿಲ್ಲ. ಇದನ್ನೆಲ್ಲ ಹೇಳಲು ಫೋನ್ ಮಾಡಿದರೆ ಮೊದಲ ಅಕ್ಷರವೇ ಹೊರಡಲಿಲ್ಲ. ಬರೆದು ಕಳಿಸೋಣವೆಂದರೆ ಅವಳು ನಂಬರು ಬ್ಲಾಕ್ ಮಾಡಿದ್ದಳು. ಅವ್ವನ ಫೋನಿನಿಂದ ಮಾಡಿದಾಗಲೂ ಮಾತು ಹೊರಡಲಿಲ್ಲ, ಆ ನಂಬರೂ ಬ್ಲಾಕ್ ಆಯಿತು. ಕಡೆಗೆ ಇವತ್ತು ಮುಂಜಾನೆ ಜೇವರಗಿಯಿಂದ ಮೊದಲ ಬಸ್ಸು ಹಿಡಿದ.

ಶಾಂಭವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೋಸಗಾರ ಎಂದುಕೊಂಡೆನಲ್ಲ, ದೇವರೇ... ಇದ್ದೊಂದು ಊರನ್ನೇ ನನಗಾಗಿ ಕೊಟ್ಟವನನ್ನು!

ದೌಲತರಾಯರಿಗೆ ಆಟ ಅರ್ಥವಾಗಲಿಲ್ಲ. ಮಾತು ಮುಗಿಯುವ ತನಕ ಅವರು ಎದ್ದು ಹೋಗಲಿಲ್ಲ, ಅಷ್ಟೇ. ಎದ್ದಾಗ, "ಹಿರಿಯರನ್ನ ಕರಕೊಂಡು ಆಳಂದಕ್ಕ ಬರ್ರಿ. ಆಮ್ಯಾಲ ನೋಡೂಣು," ಎಂದು ಹೇಳಿ ಜೀಪಿನ ಕಡೆ ನಡೆದರು. ಅಫಜಲಪುರದ ಸುದ್ದಿ ಎತ್ತಲಿಲ್ಲ.

ಬೇವಿನ ಮರದ ಕೆಳಗೆ ಇಬ್ಬರೇ ಉಳಿದರು.

"ಇನ್ನ ನೀವೇನೂ ತ್ರಾಸ ತಗೋಬ್ಯಾಡ್ರಿ," ಎಂದಳು ಅವಳು. "ಎಲ್ಲಾ ಕಡಿ ನಿಮ್ಮ ಪರವಾಗಿ ನಾನ ಮಾತಾಡ್ತೇನಿ."

ಅವನು ತಲೆಯಾಡಿಸಿದ.

"ಬ್ಯಾಡ. ನೀ ಬಾ... ಬಾಜೂಕ ನಿಂದ್ರು, ಸಾಕು. ಮಾತು ನಾನ ಆಡ್ತೇನಿ."

"ತಡ ಆದ್ರ?"

"ಆಗ್ತದ."

ಅಷ್ಟರಲ್ಲಿ ಕಲಬುರಗಿಯ ಬಸ್ಸು ಬಂತು. ಅವನು ಊರಿಗೆ ಹೋಗಬೇಕಾದ ಬಸ್ಸು. ಅವನು ಬಸ್ಸನ್ನು ನೋಡಲಿಲ್ಲ. ಅವಳನ್ನೇ ನೋಡುತ್ತಾ, "ನಾ... ನಿನ್ನ..." ಎಂದು ಶುರು ಮಾಡಿದ. ಮುಂದಿನದು ಗಂಟಲಲ್ಲೇ ನಿಂತಿತು. ಕಂಡಕ್ಟರ್ ಬಾಗಿಲಿಗೆ ಬಡಿದು, ಬರ್ತೀರೋ ಇಲ್ಲೋ ಎಂದು ಕೂಗಿದ.

ಅವನು ಏನು ಹೇಳುತ್ತಾನೆಂದು ಶಾಂಭವಿಗೆ ಗೊತ್ತಿತ್ತು. ಅವನ ಪರವಾಗಿ ತಾನೇ ಹೇಳಿಬಿಡಬಹುದಿತ್ತು. ಅವಳು ಹೇಳಲಿಲ್ಲ.

"ನೀವು ಹೋಗ್ರಿ, ಅಣ್ಣಾ," ಎಂದಳು ಕಂಡಕ್ಟರನಿಗೆ.

ಬಸ್ಸು ಹೋಯಿತು. ಅವಳು ಅವನ ಕಡೆ ತಿರುಗಿದಳು.

"ಹೇಳ್ರಿ. ನಾ ಇಲ್ಲೇ ಅದೀನಿ."