ನೀಲಿ ಕೋಟು ತೊಟ್ಟ ಹೆಂಗಸರು

“ಎಲ್ಲರ ಮುಂದೆ ಒಂದೇ ಒಂದ್ಸಲ ‘ನನ್ನ ಗಂಡ’ ಅನ್ನೇ. ಕೇಳಿಸ್ಕೊಂಡು ಹೊರಡ್ತೀನಿ” ಎಂದ ಎವಾರಿಸ್ತೊ, ಜೀನಿನ ಪಟ್ಟಿ ಬಿಗಿಯುತ್ತ.

ಇಲಾರಿಯಾ ಮಾಟೆ ಸೊಪ್ಪಿನ ಕಷಾಯದ ಸೋರೆಬುರುಡೆಗೆ ಬಿಸಿನೀರು ಹೊಯ್ಯುತ್ತಲೇ ಕಣ್ಣಂಚಿನಲ್ಲಿ ಅವನನ್ನು ಅಳೆದಳು. “ಗಂಡನಾ? ಸರ್ಕಾರದ ಕುದುರೆ ಹಗ್ಗ ಕೈಗೆ ಕಟ್ಕೊಂಡು ಮಲಗೋನು ನೀನು. ಆ ಕುದುರೇನೇ ಕೇಳು, ‘ಗಂಡ’ ಅನ್ನುತ್ತೆ.”

ಸುತ್ತ ನಿಂತಿದ್ದ ಸಿಪಾಯಿಗಳು ಹೊಟ್ಟೆ ಹಿಡಿದು ನಕ್ಕರು. ಎವಾರಿಸ್ತೊನ ಕಿವಿ ಕೆಂಪಾಯಿತು. ಬುರುಡೆ ಕೊಡುವಾಗ ಅವಳ ಬೆರಳು ಅವನ ಬೆರಳ ಮೇಲೆ ಬೇಕೆಂದೇ ಒಂದು ಗಳಿಗೆ ಹೆಚ್ಚು ನಿಂತಿತು.

“ಬಿಡುಗಡೆ ಕಾಗದ ಬರ್ಲಿ. ಆಗ ಅಂತೀನಿ” ಎಂದಳು, ಅವನಿಗಷ್ಟೇ ಕೇಳುವಂತೆ.

ಹೆಂಡದಂಗಡಿಯಲ್ಲಿ ಗಿಟಾರ್ ಬಾರಿಸುತ್ತಿದ್ದ ಎವಾರಿಸ್ತೊನನ್ನು, ಗುರುತಿನ ಕಾಗದವಿಲ್ಲವೆಂದು ಹಿಡಿದು, ಎರಡು ವರ್ಷಕ್ಕೆಂದು ಸಿಪಾಯಿ ಮಾಡಿ ಈ ಗಡಿಕೋಟೆಗೆ ತಂದಿದ್ದರು. ಇದು ಏಳನೆಯ ವರ್ಷ. ಇಲಾರಿಯಾ ಹಿಂದೆ ಇಬ್ಬರನ್ನು ಗಂಡ ಎಂದು ಕರೆದಿದ್ದಳು. ಇಬ್ಬರೂ ಕಂದಕದಾಚೆ ಮಣ್ಣಿನಲ್ಲಿದ್ದರು. ಇಲ್ಲಿ ಗಂಡ ಸತ್ತ ಹೆಂಗಸು ಇನ್ನೊಬ್ಬ ಸಿಪಾಯಿಯನ್ನು ಹಿಡಿಯಬೇಕು, ಇಲ್ಲವೇ ಕೋಟೆ ಬಿಟ್ಟು ಮುಂದಿನ ಸರಕಿನ ಗಾಡಿ ಹತ್ತಬೇಕು. ಆ ಶಬ್ದಕ್ಕೇ ಸಾವು ಅಂಟಿಕೊಂಡಿದೆಯೆಂದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಎವಾರಿಸ್ತೊ ಈ ದಂಡಿನಿಂದ ಜೀವಂತ ಹೊರಬೀಳುವವರೆಗೆ ಅದನ್ನು ಬಾಯಿಂದ ಹೊರಡಿಸುವುದಿಲ್ಲವೆಂದು ನಿರ್ಧರಿಸಿದ್ದಳು.

ದಂಡು ಹೊರಟಿತು. ಕೋಟೆಯಲ್ಲಿ ಉಳಿದದ್ದು ಜ್ವರದಲ್ಲಿ ಮಲಗಿದ ಇಬ್ಬರು ಮತ್ತು ಹೆಂಗಸರು. ಯಾವಾಗಲೂ ಮಾಡುವಂತೆ ಹೆಂಗಸರು ನೀಲಿ ಕೋಟು ತೊಟ್ಟು, ಕೂದಲನ್ನು ಟೋಪಿಯೊಳಗೆ ತುರುಕಿ, ಬಂದೂಕು ಹಿಡಿದು ಗೋಡೆಯ ಮೇಲೆ ನಿಂತರು. ಬಯಲಿನಿಂದ ನೋಡುವವರಿಗೆ ಕೋಟೆ ತುಂಬ ಗಂಡಸರೇ ಕಾಣಬೇಕು. ನೆಲ ಬಯಲಿನವರದು, ಅಲ್ಲೇ ಹುಟ್ಟಿ ಬೆಳೆದ ಬುಡಕಟ್ಟಿನವರದು; ಕೋಟೆ ಮಾತ್ರ ಸರ್ಕಾರದ್ದು. ಅದು ಎರಡೂ ಕಡೆಯವರಿಗೂ ಗೊತ್ತಿತ್ತು.

ಕಟ್ಟಳೆ ಒಂದೇ. ಮರಳಿ ಬರುವ ನಮ್ಮವರು ಒಣಗಿದ ಕೆರೆಯ ಹತ್ತಿರ ನಿಂತು ಕುದುರೆಯನ್ನು ಮೂರು ಸುತ್ತು ತಿರುಗಿಸಬೇಕು. ತಿರುಗಿಸದವನು ನಮ್ಮವನಲ್ಲ.

ನಾಲ್ಕನೆಯ ದಿನ ನಡುಮಧ್ಯಾಹ್ನ ಧೂಳೆದ್ದಿತು. ಒಬ್ಬನೇ ಸವಾರ. ಚುಕ್ಕೆ ಚುಕ್ಕೆಯ ಕುದುರೆ, ಜೀನಿಲ್ಲ. ತಲೆಗೆ ಬಟ್ಟೆ, ಬರಿಮೈ, ಬಯಲಿನವರ ಹಾಗೇ. ಕುದುರೆಯ ಕುತ್ತಿಗೆಗೆ ಅಂಟಿಕೊಂಡು ಒಂದು ಕೈ ಎತ್ತಿ ಬೀಸುತ್ತಿದ್ದ. ಎದುರುಗಾಳಿಗೆ ಕೂಗು ಕೇಳುತ್ತಿರಲಿಲ್ಲ.

“ತಾಳು, ಸುತ್ತು ಹಾಕ್ತಾನೇನೋ” ಎಂದಳು ಸಾರ್ಜೆಂಟನ ಹೆಂಡತಿ ರುಫಿನಾ.

ಅವನು ಕೆರೆ ದಾಟಿದ.

“ಹಾಕ್ಲಿಲ್ಲ ಕಣೇ! ಹೊಡಿ ಇಲಾರಿಯಾ, ಹೊಡಿ!”

ಅವಳು ಹೊಡೆದಳು. ಕುದುರೆಯೊಂದೇ ಕಂದಕದವರೆಗೆ ಬಂದು ನಿಂತಿತು.

ಓಡಿಹೋಗಿ ಬಿದ್ದವನನ್ನು ಹೊರಳಿಸಿದಾಗ ಎವಾರಿಸ್ತೊ ಅವಳನ್ನು ನೋಡಿ ನಕ್ಕ. ಮುಷ್ಟಿಯಲ್ಲಿ ಮಡಿಸಿದ ಕಾಗದವಿತ್ತು.

“ನನ್ನ ಕುದುರೆ ದಾರೀಲೇ ಸತ್ತೋಯ್ತು. ಇದು ಬಯಲಲ್ಲಿ ಹಿಡಿದದ್ದು. ನಿನ್ನೆ ಟಪಾಲಿನವನು ಸಿಕ್ಕಿ ಈ ಬಿಡುಗಡೆ ಕಾಗದ ಕೊಟ್ಟ. ನೀನು ಮುಂದೆ ಹೋಗಯ್ಯ ಅಂದ್ರು ಕ್ಯಾಪ್ಟನ್...”

“ಸುತ್ತು ಯಾಕೆ ಹಾಕ್ಲಿಲ್ಲ? ಯಾಕೋ ಹಾಕ್ಲಿಲ್ಲ?”

“ಮರ್ತೇ ಹೋಯ್ತು ಕಣೇ. ಬಿಡುಗಡೆ ಸಿಕ್ಕಿತ್ತಲ್ಲ, ಕೋಟೂ ಕಿತ್ತೆಸೆದೆ. ಸಿಪಾಯಿ ಅನ್ನೋದೇ ಮರ್ತುಹೋಯ್ತು.”

ಅವನ ದೃಷ್ಟಿ ಅವಳ ಕೆನ್ನೆಯ ಮೇಲೆ ನಿಂತಿತು. ಅಲ್ಲಿ ಗುಂಡಿನ ಮದ್ದಿನ ಮಸಿ ಹತ್ತಿತ್ತು. ಅವನು ಹೆಬ್ಬೆರಳು ನೆಕ್ಕಿ, ನಿಧಾನವಾಗಿ, ಮಗುವಿನ ಮುಖ ಒರೆಸುವಂತೆ ಒರೆಸಿದ.

“ಬಯಲಿನವರು ಹೊಡೆದ್ರು ಅನ್ನು. ಇಲ್ದಿದ್ರೆ ದಂಡಿನವರು ನಿನ್ನನ್ನ ಕೊಂದುಹಾಕ್ತಾರೆ” ಎಂದ.

ಈ ಸಲ ‘ಗಂಡ’ ಅನ್ನು ಎಂದು ಅವನು ಕೇಳಲಿಲ್ಲ. ಹೇಳಬೇಕೆಂದು ಅವಳು ಬಾಯಿ ತೆರೆದಳು. ದನಿ ಹೊರಡುವ ಮೊದಲೇ ಅವನ ಕೈ ಅವಳ ಕೆನ್ನೆಯಿಂದ ಜಾರಿ ಹುಲ್ಲಿನ ಮೇಲೆ ಬಿತ್ತು.

ಸಂಜೆಯೊಳಗೆ ದಂಡು ಬಂತು, ಕೆರೆಯ ಬಳಿ ಮೂರು ಸುತ್ತು ಹಾಕಿಯೇ. ಕ್ಯಾಪ್ಟನ್ ಹೆಣದ ಪಕ್ಕ ಕುದುರೆ ನಿಲ್ಲಿಸಿದ.

“ಯಾರು ಹೊಡೆದದ್ದು?”

“ಬಯಲಿನವರು, ಸ್ವಾಮಿ” ಎಂದಳು ರುಫಿನಾ ಥಟ್ಟನೆ.

“ಹಳ್ಳದ ಬಿಡಾರದವರೇ ಇರ್ಬೇಕು. ಕುದುರೆ ಬದಲಿಸ್ರೋ! ಒಬ್ಬರನ್ನೂ ಬಿಡಬೇಡಿ.”

ಹಳ್ಳದ ಬಿಡಾರದಲ್ಲಿದ್ದವರು ಕೋಟೆಗೆ ಹಕ್ಕಿಗರಿ ಮಾರಲು ಬರುವ ಬಯಲಿನ ಹೆಂಗಸರು, ಮುದುಕರು, ಮಕ್ಕಳು. ಇಲಾರಿಯಾಳ ಬೆನ್ನಿಗೆ ರುಫಿನಾಳ ಬೆರಳು ಎಚ್ಚರಿಸುವಂತೆ ಚುಚ್ಚಿತು. ಸಿಪಾಯಿಗಳು ಆಗಲೇ ಭರ್ಜಿ ಎತ್ತಿಕೊಳ್ಳುತ್ತಿದ್ದರು.

ಅವಳು ಟೋಪಿ ತೆಗೆದಳು. ಕೂದಲು ಕೋಟಿನ ಮೇಲೆ ಬಿಚ್ಚಿಕೊಂಡಿತು.

“ಯಾರೂ ಬಂದಿರ್ಲಿಲ್ಲ ಸ್ವಾಮಿ” ಎಂದಳು, ಎಲ್ಲರಿಗೂ ಕೇಳುವಂತೆ. “ನನ್ನ ಗಂಡನ್ನ ನಾನೇ ಹೊಡೆದೆ.”